ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮೈಕ್ರೋಕಂಟ್ರೋಲರ್ ಕಲಿಸುವುದು ಹೇಗೆ?

ಮೈಕ್ರೋಕಂಟ್ರೋಲರ್ ಎಂದರೆ ನಾವು ಬರೆದ ಪ್ರೋಗ್ರಾಂನಂತೆ ಲೈಟು, ಬಜರ್, ಮೋಟರ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್. ಇದರ ಪಾಠ ಎಲ್ಲೇ ನಡೆದರೂ ಸಾಮಾನ್ಯವಾಗಿ ಒಂದೇ ಪ್ರೋಗ್ರಾಂನಿಂದ ಶುರುವಾಗುತ್ತದೆ. ಒಂದು ಸೆಕೆಂಡ್ ಎಲ್‌ಇಡಿ ಹತ್ತಬೇಕು, ಒಂದು ಸೆಕೆಂಡ್ ಆರಬೇಕು. ಕಣ್ಣು ಕಾಣದ ಮಗುವಿಗೆ ಇದರಿಂದ ಏನು ಸಿಕ್ಕಿತು? ಪಕ್ಕದಲ್ಲಿ ಕೂತವರು ‘ಹತ್ತಿತು’ ಎಂದರೆ ನಂಬಬೇಕು, ಅಷ್ಟೆ. ತಾನು ಬರೆದದ್ದು ಕೆಲಸ ಮಾಡಿತೋ ಇಲ್ಲವೋ ಎನ್ನುವುದು ಯಾರನ್ನೂ ಕೇಳದೆ ಮಗುವಿಗೇ ಗೊತ್ತಾಗಬೇಕು. ಅದಾಗದಿದ್ದರೆ ಉಳಿದ ಪಾಠಕ್ಕೆ ಬುನಾದಿಯೇ ಇಲ್ಲ.

ಹಾಗಾಗಿ ಮೊದಲು ಬದಲಿಸಬೇಕಾದದ್ದು ಪಾಠವನ್ನಲ್ಲ, ಆ ಚಿಪ್ ಇರುವ ಬೋರ್ಡಿಗೆ ಜೋಡಿಸುವ ವಸ್ತುವನ್ನು.

ಸಾಮಾನು ಆರಿಸುವುದು

ಕಣ್ಣು ಕಾಣದ ಮಗುವಿಗೆ ಎಲ್‌ಇಡಿ ಜಾಗದಲ್ಲಿ ಸದ್ದು ಮಾಡುವ ಬಜರ್ ಹಾಕಿ. ಕಿವಿ ಕೇಳದ ಮಗುವಿಗೆ ಎಲ್‌ಇಡಿಯೇ ಸರಿ. ಎರಡೂ ಕಷ್ಟವಾದರೆ ಮೊಬೈಲ್‌ನಲ್ಲಿ ಇರುವಂಥ ಪುಟ್ಟ ವೈಬ್ರೇಷನ್ ಮೋಟರ್ ಇದೆಯಲ್ವಾ, ಅದನ್ನು ಕೈಯಲ್ಲಿ ಹಿಡಿಯಬಹುದು. ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಈ ಮೂರಕ್ಕೂ ಪ್ರೋಗ್ರಾಂ ಒಂದೇ, ಒಂದು ಸಾಲೂ ಬದಲಾಗುವುದಿಲ್ಲ. ಒಂದೇ ತರಗತಿಯಲ್ಲಿ ಬೇರೆ ಬೇರೆ ಮಕ್ಕಳು ಒಟ್ಟಿಗೆ ಕಲಿಯಲು ಸಾಧ್ಯವಾಗುವುದು ಇದರಿಂದಲೇ.

ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸುಮ್ನೆ ‘ಬಜರ್’ ಎನ್ನಬೇಡಿ, ‘ಆಕ್ಟಿವ್ ಬಜರ್ ಮಾಡ್ಯೂಲ್’ ಎಂದು ಕೇಳಿ. ಪ್ಯಾಸಿವ್ ಬಜರ್‌ಗೆ ಬರೀ ಕರೆಂಟ್ ಕೊಟ್ಟರೆ ಕೂಗುವುದಿಲ್ಲ. ಮೋಟರನ್ನೂ ನೇರವಾಗಿ ಬೋರ್ಡಿನ ಪಿನ್‌ಗೆ (ವೈರ್ ಜೋಡಿಸುವ ಜಾಗಕ್ಕೆ) ಜೋಡಿಸಬಾರದು. ಆರ್ಡುಯಿನೋ ಊನೋ ಎಂಬ ಮಾದರಿಯ ಒಂದು ಪಿನ್‌ನಿಂದ 20 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯದಿರುವುದು ಒಳ್ಳೆಯದು. ಮೋಟರ್‌ಗೆ ಅದು ಸಾಲದು. ಟ್ರಾನ್ಸಿಸ್ಟರ್ (ಪಿನ್‌ನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಬಿಡಿಭಾಗ) ಇರುವ ಮಾಡ್ಯೂಲ್ ತೆಗೆದುಕೊಂಡರೆ ಈ ತಲೆನೋವು ಇರುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ಮೈಕ್ರೋಬಿಟ್ ಎಂಬ ಬೋರ್ಡ್. 2020ರಲ್ಲಿ ಬಂದ ಇದರ ಎರಡನೇ ಆವೃತ್ತಿಯಲ್ಲಿ ಸ್ಪೀಕರ್, ಮೈಕ್, 25 ಪುಟ್ಟ ಲೈಟು, ಎರಡು ಬಟನ್ ಎಲ್ಲವೂ ಬೋರ್ಡಿನಲ್ಲೇ ಇವೆ. ಅಂಚಿನಲ್ಲಿ ದೊಡ್ಡ ತೂತುಗಳಿವೆ. ಬೆರಳಿಗೆ ಸಿಗುತ್ತವೆ, ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಬಹುದು. ಕೈ ನಡುಗುವ ಅಥವಾ ಬೆರಳು ಬಿಗಿಯಾಗಿರುವ ಮಗುವಿಗೆ ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆಯ) ಸಣ್ಣ ತೂತಿಗೆ ವೈರ್ ಚುಚ್ಚು ಎನ್ನುವುದು ಶಿಕ್ಷೆಯೇ ಸರಿ. ಬೋರ್ಡನ್ನು ಡಬಲ್ ಟೇಪ್ ಹಾಕಿ ಮೇಜಿಗೆ ಅಂಟಿಸಿ, ಜಾರುವುದಿಲ್ಲ.

ಮೇಜು ಸಿದ್ಧ ಮಾಡುವುದು

ಎಲ್ಲ ಸಾಮಾನಿಗೂ ಒಂದು ಜಾಗ ಇರಲಿ, ಪ್ರತಿ ಸಲವೂ ಅದೇ ಜಾಗ. ಕರೆಂಟ್ ತಗ್ಗಿಸುವ ರೆಸಿಸ್ಟರ್ ಎಷ್ಟು ಓಮ್‌ನದು ಎನ್ನುವುದು ಬಣ್ಣದ ಪಟ್ಟಿಯಲ್ಲಿರುವುದರಿಂದ ಕಣ್ಣು ಕಾಣದವರಿಗೂ ಬಣ್ಣ ಗುರುತಿಸಲಾಗದವರಿಗೂ ಓದಲು ಬರುವುದಿಲ್ಲ. ಬೇರೆ ಬೇರೆ ಡಬ್ಬಿಯಲ್ಲಿಟ್ಟು ದೊಡ್ಡ ಅಕ್ಷರ, ಬ್ರೈಲ್ ಎರಡರಲ್ಲೂ ಚೀಟಿ ಅಂಟಿಸಿ. ಎಲ್‌ಇಡಿಯ ಉದ್ದದ ಕಾಲು ಪ್ಲಸ್. ಇದನ್ನು ಮುಟ್ಟಿಯೇ ತಿಳಿಯಬಹುದು, ಹಾಗಾಗಿ ಕಾಲು ಕತ್ತರಿಸಬೇಡಿ.

ಫಿಟ್ಸ್ ಬರುವ ಮಕ್ಕಳಿದ್ದಾರೆಯೇ ಎಂದು ಮನೆಯವರನ್ನು ಮೊದಲೇ ಕೇಳಿ. ಲೈಟು ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿನುಗುವ ಪ್ರೋಗ್ರಾಂ ತರಗತಿಯಲ್ಲಿ ಬೇಡವೇ ಬೇಡ. ಆಟಿಸಂ ಇರುವ ಕೆಲವು ಮಕ್ಕಳಿಗೆ ಬಜರ್ ದಿಢೀರನೆ ಕೂಗಿದರೆ ತಡೆಯಲಾಗುವುದಿಲ್ಲ. ಬಜರಿನ ತೂತಿಗೆ ಟೇಪ್ ಹಚ್ಚಿದರೆ ಸದ್ದು ತಗ್ಗುತ್ತದೆ. ‘ಈಗ ಸದ್ದು ಬರುತ್ತದೆ’ ಎಂದು ಹೇಳಿ ಬಟನನ್ನು ಮಗುವಿನಿಂದಲೇ ಒತ್ತಿಸಿ.

ಕೋಡ್ ಬರೆಯುವುದು

ಟೈಪ್ ಮಾಡದೆ ಬ್ಲಾಕ್‌ಗಳನ್ನು ಮೌಸ್‌ನಿಂದ ಎಳೆದು ಜೋಡಿಸುವ ಮೇಕ್‌ಕೋಡ್‌ನಂಥ ಪ್ರೋಗ್ರಾಂ ಓದಲು ತಡವರಿಸುವ ಮಕ್ಕಳಿಗೆ ತುಂಬ ಸಹಾಯ. ಆದರೆ ಮೌಸ್ ಎಳೆಯಲಾಗದ ಮಗುವಿಗೆ? ಬ್ಲಾಕ್‌ಗಳನ್ನು ದಪ್ಪ ಕಾರ್ಡಿನ ಮೇಲೆ ಪ್ರಿಂಟ್ ಮಾಡಿ. ಮಗು ಮೇಜಿನ ಮೇಲೆ ಜೋಡಿಸಲಿ, ನೀವು ಅದನ್ನು ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿ. ತಪ್ಪಿದ್ದರೆ ತಪ್ಪನ್ನೂ ಇಳಿಸಿ. ನೀವೇ ತಿದ್ದಿಬಿಟ್ಟರೆ ಆ ಪ್ರೋಗ್ರಾಂ ನಿಮ್ಮದಾಗುತ್ತದೆ.

ಕಣ್ಣು ಕಾಣದ ವಿದ್ಯಾರ್ಥಿಗೆ ಟೈಪ್ ಮಾಡುವ ಭಾಷೆಯೇ ಅನುಕೂಲ. ಎನ್‌ವಿಡಿಎ ಎಂಬ, ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಹಾಕಿ. ಅದರ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಪಿ ಒತ್ತುತ್ತಾ ಹೋದರೆ ಚಿಹ್ನೆಗಳನ್ನು ಎಷ್ಟು ಓದಬೇಕು ಎನ್ನುವುದು ಬದಲಾಗುತ್ತದೆ. ‘ಆಲ್’ಗೆ ಇಡಿ. ಇಲ್ಲವಾದರೆ ಬಿಟ್ಟುಹೋದ ಬ್ರಾಕೆಟ್ ಕಿವಿಗೆ ಬೀಳುವುದೇ ಇಲ್ಲ. ಪೈಥಾನ್ ಭಾಷೆಯಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಅದನ್ನು ಮಾತಿನಲ್ಲೋ ಸ್ವರದಲ್ಲೋ ತಿಳಿಸುವ ಆಯ್ಕೆ ಸೆಟ್ಟಿಂಗ್ಸ್‌ನ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಭಾಗದಲ್ಲಿದೆ. ಆರ್ಡುಯಿನೋದ ಸಿ++ ಭಾಷೆಯಲ್ಲಿ ಖಾಲಿ ಜಾಗದ ಲೆಕ್ಕ ಇಲ್ಲ, ಆವರಣ ಚಿಹ್ನೆ ಸಾಕು. ಕಿವಿಯಿಂದ ಕೋಡ್ ಓದುವವರಿಗೆ ಇದು ಸಣ್ಣ ಅನುಕೂಲವಲ್ಲ.

ಕಿವಿ ಕೇಳದ ಮಕ್ಕಳಿಗೆ ಕಲಿಸುವಾಗ ಒಂದು ನಿಯಮ: ಅವರು ಸ್ಕ್ರೀನ್ ನೋಡುತ್ತಿದ್ದರೆ ನೀವು ಸುಮ್ಮನಿರಿ. ನಿಮ್ಮ ಕೈಯನ್ನೂ ಸ್ಕ್ರೀನನ್ನೂ ಒಟ್ಟಿಗೆ ನೋಡಲಾಗುವುದಿಲ್ಲ ಅಲ್ವಾ? ತೋರಿಸಿ, ನಿಲ್ಲಿ, ಮಾಡಲು ಬಿಡಿ, ಆಮೇಲೆ ಮುಂದಿನದು. ಲೂಪ್, ವೇರಿಯಬಲ್ ಇಂಥ ಪ್ರೋಗ್ರಾಮಿಂಗ್ ಪದಗಳಿಗೆ ಸನ್ನೆ ಸಿಗದಿದ್ದರೆ ಮಕ್ಕಳೇ ಒಂದು ಸನ್ನೆ ಒಪ್ಪಿಕೊಂಡು ಗೋಡೆಯ ಮೇಲೆ ಅದರ ಚಿತ್ರ ಹಾಕಲಿ.

ಮನೆಗೆ ಒಯ್ಯುವ ಒಂದು ಪ್ರಾಜೆಕ್ಟ್

ಲೋಟ ತುಂಬಿದರೆ ಕೂಗುವ ಸಾಧನ ಮಾಡಿಸಿ. ಮೈಕ್ರೋಬಿಟ್‌ನ ಪಿನ್ 0 ಮತ್ತು ಗ್ರೌಂಡ್‌ನಿಂದ (ಜಿಎನ್‌ಡಿ ಎಂದು ಬರೆದ ತೂತಿನಿಂದ) ಎರಡು ತಂತಿ ತಂದು, ಒಂದಕ್ಕೊಂದು ತಾಗದಂತೆ ಲೋಟದ ಅಂಚಿನಿಂದ ಒಳಗೆ ಇಳಿಬಿಡಿ. ಲೋಟ ಪ್ಲಾಸ್ಟಿಕ್ಕಿನದಿರಲಿ, ಸ್ಟೀಲ್ ಆದರೆ ನೀರಿಲ್ಲದೆಯೂ ಕೂಗುತ್ತದೆ. ನಲ್ಲಿ ನೀರಿನಲ್ಲಿ ಕರೆಂಟ್ ಹರಿಯುವುದರಿಂದ ನೀರು ತಂತಿಗಳಿಗೆ ತಾಗಿದ ಕೂಡಲೇ ಪಿನ್ 0 ಒತ್ತಿದಂತಾಗುತ್ತದೆ. ಮತ್ತೆ ಮತ್ತೆ ನಡೆಯುತ್ತಲೇ ಇರುವ ‘ಫಾರೆವರ್’ ಬ್ಲಾಕ್ ಒಳಗೆ ‘ಪಿನ್ 0 ಒತ್ತಿದ್ದರೆ ಸದ್ದು ಮಾಡು’, ಇಷ್ಟೇ ಪ್ರೋಗ್ರಾಂ. ಬೋರ್ಡನ್ನು ಎರಡು ಎಎಎ ಸೆಲ್‌ನಲ್ಲಿ ನಡೆಸಿ, ನೀರಿನಿಂದ ದೂರ ಇಡಿ. ತಂತಿ ಮುಳುಗಿದ ನೀರನ್ನು ಕುಡಿಯಬಾರದು.

ಕಿವಿ ಕೇಳದ ಮಗು ಇದನ್ನೇ ಸದ್ದಿನ ಬದಲು ಲೈಟಿಗೆ ತಿರುಗಿಸಿ, ಕಾವೇರಿ ನೀರು ಬಿಟ್ಟಾಗ ನಲ್ಲಿ ಕೆಳಗಿನ ಪ್ಲಾಸ್ಟಿಕ್ ಬಕೆಟ್‌ಗೆ ಕಟ್ಟಬಹುದು. ತಂತಿಯ ತುದಿ ಅಂಚಿನಿಂದ ಎಷ್ಟು ಕೆಳಗಿದ್ದರೆ ನಲ್ಲಿ ನಿಲ್ಲಿಸಲು ಸಮಯ ಸಿಗುತ್ತದೆ ಎನ್ನುವುದನ್ನು ಮಗುವೇ ಅಳೆದು ನೋಡಲಿ.