7.3 ಪೆಟ್ರೋಲ್, 4.30 ಆಕ್ಸಲ್: ಹತ್ತೂವರೆ ಸಾವಿರ ಪೌಂಡ್ ಟ್ರೇಲರ್ ಎಳೆದ ಲೆಕ್ಕ

ಕೊಲೊರಾಡೊದ ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಗುಡ್ಡ ಹತ್ತೋಕೆ ಡೀಸೆಲ್ಲೇ ಬೇಕು, ಪೆಟ್ರೋಲ್ ಎಂಜಿನ್ ಅರ್ಧ ದಾರೀಲೇ ಕೈ ಎತ್ತುತ್ತೆ ಅಂದವರು ಒಬ್ಬಿಬ್ಬರಲ್ಲ. ನನ್ನ ಫುಡ್ ಟ್ರೇಲರ್ ತುಂಬಿದಾಗ 10,500 ಪೌಂಡ್. ಟ್ರಕ್ಕೂ ಸೇರಿದರೆ ಹದಿನೆಂಟು ಸಾವಿರದ ಹತ್ತಿರ. ಆ ದಾರಿಯ ಐಸೆನ್‌ಹೋವರ್ ಸುರಂಗ ಇರೋದು 11,158 ಅಡಿ ಎತ್ತರದಲ್ಲಿ. ವಾಪಸ್ ಬರುವಾಗ ಸುರಂಗದ ಆಚೆ ಬದಿಯ ಸಿಲ್ವರ್‌ಥಾರ್ನ್ ಊರಿನ ಕಡೆಯಿಂದ ಎಂಟು ಮೈಲಿ ಏರು, 7 ಪರ್ಸೆಂಟ್‌ವರೆಗೆ. ಫೋರ್ಡ್ 7.3 ಲೀಟರ್ ಪೆಟ್ರೋಲ್ ಎಂಜಿನ್ ಆ ಏರನ್ನು ಈಗ ಗಂಟೆಗೆ 45 ಮೈಲಿಗಿಂತ ಕೆಳಗಿಳಿಯದೆ ಹತ್ತುತ್ತೆ. ಅದಕ್ಕೆ ಎಂಜಿನ್ನಿಗೆ ಏನೂ ಮಾಡಿಲ್ಲ, ಆಕ್ಸಲ್ ಗೇರ್ ಬದಲಾಯಿಸಿದ್ದು ಅಷ್ಟೇ: 3.55 ಇದ್ದದ್ದು 4.30, ಅಂದರೆ ಚಕ್ರ ಒಂದು ಸುತ್ತು ಬರೋಕೆ ಡ್ರೈವ್ ಶಾಫ್ಟ್ ಈಗ 4.30 ಸುತ್ತು ಸುತ್ತುತ್ತೆ.

ಮೊದಲು ಎಂಜಿನ್ ಆಯ್ಕೆ. ಮುಕ್ಕಾಲು ಟನ್, ಒಂದು ಟನ್ ಅಂತ ಕರೆಯೋ ದೊಡ್ಡ ಪಿಕಪ್ ಟ್ರಕ್‌ಗಳಲ್ಲಿ ನಾನು ನೋಡಿದ್ದು ಮೂರೇ. ಜಿಎಂನ 6.6 (ಎಲ್8ಟಿ) 401 ಎಚ್‌ಪಿ, 464 ಪೌಂಡ್-ಅಡಿ ಟಾರ್ಕ್ (ತಿರುಗಿಸೋ ಬಲ). ಕಬ್ಬಿಣದ ಬ್ಲಾಕ್, ಪೆಟ್ರೋಲ್ ಉಳಿಸೋಕೆ ಕೆಲವು ಸಿಲಿಂಡರ್ ಆಫ್ ಆಗೋ ರಗಳೆ ಇಲ್ಲ, ಎಂಜಿನ್ ಗಟ್ಟಿ. ಆದರೆ 2020ರಿಂದ 2023ರವರೆಗೆ ಅದಕ್ಕೆ ಕೊಟ್ಟಿದ್ದು ಆರು ಗೇರಿನ ಡಬ್ಬ (ಟ್ರಾನ್ಸ್‌ಮಿಷನ್). ಎರಡನೇ ಗೇರಿನಲ್ಲಿ 4500 ಆರ್‌ಪಿಎಂ ಓಡ್ತಿದ್ದದ್ದು ಮೂರಕ್ಕೆ ಬಿದ್ದರೆ 2900. ಏರಿನಲ್ಲಿ ಅದು ಎರಡರಲ್ಲಿ ಅರಚುತ್ತೆ, ಮೂರರಲ್ಲಿ ಏದುಸಿರು ಬಿಡುತ್ತೆ. 2024ರಿಂದ ಹತ್ತು ಗೇರಿನ ಆಲಿಸನ್ ಡಬ್ಬ ಬಂದಿದೆ. ಹೊಸದು ಕೊಳ್ಳೋ ದುಡ್ಡಿದ್ದರೆ ಅದನ್ನು ಖಂಡಿತ ನೋಡಿ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮೋದು) ಆದ್ದರಿಂದ ಇಂಟೇಕ್ ವಾಲ್ವ್ ಮೇಲೆ ಕಾರ್ಬನ್ ಕೂರೋದನ್ನು ಮಾತ್ರ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ರಾಮ್ 6.4 ಹೆಮಿ 410 ಎಚ್‌ಪಿ, 429 ಟಾರ್ಕ್. ಎಂಟು ಗೇರಿನ ಡಬ್ಬ ಬೆಣ್ಣೆ ಹಾಗಿದೆ. ನಾನು ಬಿಟ್ಟಿದ್ದಕ್ಕೆ ಕಾರಣ ಐಡಲ್. ನಮ್ಮ ಕೆಲಸದಲ್ಲಿ ಟ್ರಕ್ ಗಂಟೆಗಟ್ಟಲೆ ನಿಂತಲ್ಲೇ ಓಡುತ್ತೆ. ಹೆಮಿಯಲ್ಲಿ ವಾಲ್ವ್ ಎತ್ತೋ ಲಿಫ್ಟರಿನ ರೋಲರ್ ಸವೆದು ಕ್ಯಾಮ್ ಶಾಫ್ಟನ್ನು ತಿನ್ನೋದಕ್ಕೆ ಬಹಳಷ್ಟು ಮೆಕ್ಯಾನಿಕ್‌ಗಳು ಐಡಲ್ ಗಂಟೆಗಳನ್ನೇ ದೂರುತ್ತಾರೆ. ಜೊತೆಗೆ ಹದಿನಾರು ಸ್ಪಾರ್ಕ್ ಪ್ಲಗ್. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಹಿಂದಿನ ಬೋಲ್ಟ್ ಮುರಿದು, ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನೋ ಹೆಮಿಗಳನ್ನು ಹಳೇ ಗಾಡಿ ಮಾರೋ ಜಾಗದಲ್ಲಿ ಬೇಕಾದಷ್ಟು ಕೇಳಬಹುದು. ಕೊಳ್ಳೋ ಮುಂಚೆ ರಾತ್ರಿಯೆಲ್ಲ ನಿಂತ ಎಂಜಿನ್ನನ್ನು ನಿಮ್ಮ ಮುಂದೆಯೇ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೆ ಆ ಸದ್ದು ಮಾಯ.

ಉಳಿದದ್ದು ಫೋರ್ಡ್ 7.3. 430 ಎಚ್‌ಪಿ 5500ರಲ್ಲಿ, 475 ಟಾರ್ಕ್ 4000ದಲ್ಲಿ. ಸರಳವಾದ ಪುಶ್‌ರಾಡ್ ವಿನ್ಯಾಸ, ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ಇಂಟೇಕ್ ವಾಲ್ವ್ ಹಿಂದೆ ಚಿಮ್ಮೋದು), ಕಬ್ಬಿಣದ ಬ್ಲಾಕ್, ಹತ್ತು ಗೇರ್. ಎಂಟು ಕ್ವಾರ್ಟ್ ಆಯಿಲ್ಲು, ಒಂದು ಫಿಲ್ಟರ್, ಮನೆ ಮುಂದೆಯೇ ಮುಗಿಯುತ್ತೆ. 2023ರಿಂದ ಬಂದಿರೋ 6.8 ಅದರದ್ದೇ ತಮ್ಮ. ಹತ್ತು ಸಾವಿರ ದಾಟಿದ ಟ್ರೇಲರಿಗೆ ಅದನ್ನು ತೆಗೆದುಕೊಂಡು ಉಳಿಸೋದು ಏನೂ ಇಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗೋ 7.3ಗಳಲ್ಲಿ ಬಹುತೇಕ 3.55 ಆಕ್ಸಲ್. ನನಗೆ ಸಿಕ್ಕಿದ್ದೂ ಅದೇ. "ಹತ್ತು ಗೇರ್ ಇರುವಾಗ ಆಕ್ಸಲ್ ಯಾವುದಾದರೇನು, ಒಂದು ಗೇರ್ ಕೆಳಗೆ ಹಾಕಿದರೆ ಆಯ್ತಲ್ಲ" ಅನ್ನೋದು ಎಲ್ಲರ ವಾದ. ಗಂಟೆಗೆ 55, 60 ಮೈಲಿಯಲ್ಲಿ ಆ ಮಾತು ನಿಜ. 3.55ರ ಮೂರನೇ ಗೇರೂ 4.30ರ ನಾಲ್ಕನೇ ಗೇರೂ ಹತ್ತಿರ ಹತ್ತಿರ ಒಂದೇ ಆರ್‌ಪಿಎಂ. ಕಡಿದಾದ ಏರಿನಲ್ಲಿ 45ಕ್ಕೆ ಇಳಿದಾಗ ಮಾತ್ರ ಆ ವಾದ ನಿಲ್ಲಲ್ಲ. ಈ ಡಬ್ಬದಲ್ಲಿ ಎರಡನೇ ಗೇರಿನ ಅನುಪಾತ 2.92, ಮೂರನೇದು 2.13. ನಡುವೆ ದೊಡ್ಡ ಹಳ್ಳ. ಅಲ್ಲಿಂದ ಮೇಲೆ 1.77, 1.52, 1.28 ಅಂತ ಮೆಟ್ಟಿಲು ಹತ್ತಿರ ಹತ್ತಿರ. 32 ಇಂಚಿನ ಟೈರ್, 45 ಮೈಲಿ ವೇಗ, 3.55 ಆಕ್ಸಲ್ ಅಂದರೆ ಮೂರನೇ ಗೇರಿನಲ್ಲಿ ಸುಮಾರು 3600 ಆರ್‌ಪಿಎಂ, ಎರಡರಲ್ಲಿ 4900. 4.30 ಹಾಕಿದರೆ ಮೂರರಲ್ಲೇ 4300.

ಹದಿನೆಂಟು ಸಾವಿರ ಪೌಂಡನ್ನು 7 ಪರ್ಸೆಂಟ್ ಏರಿನಲ್ಲಿ 45ರಲ್ಲಿ ತಳ್ಳೋಕೆ ನನ್ನ ಲೆಕ್ಕದಲ್ಲಿ ಎಂಜಿನ್ನಿಂದ 240 ಎಚ್‌ಪಿ ಆಸುಪಾಸು ಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಕಳೆದುಕೊಳ್ಳುತ್ತೆ. ಸುರಂಗದ ಹತ್ತಿರ ಮೂರರಲ್ಲಿ ಒಂದು ಪಾಲು ಹೋಯ್ತು ಅಂತಲೇ ಇಟ್ಟುಕೊಳ್ಳಿ. ಅಲ್ಲಿ 3600ರಲ್ಲಿ ಸಿಗೋದು 215ರ ಆಸುಪಾಸು, ಸಾಲದು. 4300ರಲ್ಲಿ 260ರ ಹತ್ತಿರ, ಸಾಕು. 3.55ರಲ್ಲಿ ಡಬ್ಬ ಎರಡು ಮೂರರ ನಡುವೆ ಎಗರಾಡ್ತಿದ್ದದ್ದು ಇದಕ್ಕೇ. ಪ್ರತಿ ಸಲ ಎಗರಿದಾಗಲೂ ಟ್ರಾನ್ಸ್‌ಮಿಷನ್ ಆಯಿಲ್ ಬಿಸಿ ಏರುತ್ತೆ. 230 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದ್ದೂ ಉಂಟು. ಈಗ 210 ದಾಟೋದು ಅಪರೂಪ.

ಗೇರ್ ಬದಲಿಗೆ ಖರ್ಚು ಸುಮಾರು 2800 ಡಾಲರ್. ಫೋರ್ ವೀಲ್ ಡ್ರೈವ್ ಆದ್ದರಿಂದ ಮುಂದಿನದ್ದೂ ಹಿಂದಿನದ್ದೂ ಎರಡೂ ಆಗಬೇಕು, ಹಿಂದಿನದು ಮಾತ್ರ ಹಾಕಿಸಿ ಆಮೇಲೆ ನೋಡೋಣ ಅನ್ನೋ ಹಾಗಿಲ್ಲ. ಮೊದಲು ಮಾಡಿದ ಶಾಪ್‌ನವರು ಪಿನಿಯನ್ ಶಿಮ್ (ಗೇರ್ ಎಷ್ಟು ಆಳಕ್ಕೆ ಕೂರಬೇಕು ಅಂತ ನಿರ್ಧರಿಸೋ ತೆಳು ಬಿಲ್ಲೆ) ಹಳೇದನ್ನೇ ಕೂರಿಸಿ ಕೊಟ್ಟರು. 50 ಮೈಲಿ ವೇಗದಲ್ಲಿ ಕಾಲು ಎತ್ತಿದ ತಕ್ಷಣ ಕುಯ್ಯೋ ಅನ್ನೋ ಸದ್ದು. ಕವರ್ ಬಿಚ್ಚಿ ಹಳದಿ ಬಣ್ಣ ಹಚ್ಚಿ ತಿರುಗಿಸಿ ನೋಡಿದರೆ, ಗುರುತು ಹಲ್ಲಿನ ನಡುವೆ ಬೀಳೋ ಬದಲು ತುದಿಗೆ ಬಿದ್ದಿತ್ತು. ಇನ್ನೊಂದು ಕಡೆ ಮತ್ತೆ ಸೆಟ್ ಮಾಡಿಸೋಕೆ ಆರುನೂರು ಡಾಲರ್ ಮೇಲೆ ಹೋಯ್ತು. ಬಣ್ಣದ ಗುರುತಿನ ಫೋಟೊ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳತೆ ಎರಡೂ ಕೈಗೆ ಬರೋ ತನಕ ದುಡ್ಡು ಕೊಡಬೇಡಿ. ಹೊಸ ಗೇರಿಗೆ ಮೊದಲ ಐನೂರು ಮೈಲಿ ಟ್ರೇಲರ್ ಕಟ್ಟಬಾರದು, ಮೊದಲ ಕೆಲವು ಸಲ ಹದಿನೈದು ಇಪ್ಪತ್ತು ಮೈಲಿ ಓಡಿಸಿ ಪೂರ್ತಿ ತಣ್ಣಗಾಗೋಕೆ ಬಿಡಬೇಕು, ಆಮೇಲೆ ಗೇರ್ ಆಯಿಲ್ ಬದಲಿಸಬೇಕು. ಆಕ್ಸಲ್ ಅನುಪಾತವನ್ನು ಫೋರ್‌ಸ್ಕ್ಯಾನ್‌ನಲ್ಲಿ (ಫೋರ್ಡ್ ಗಾಡಿಯ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸೋ ಸಾಫ್ಟ್‌ವೇರ್) ಹೊಸದಾಗಿ ತುಂಬಿಸದಿದ್ದರೆ ಡಬ್ಬ ತಪ್ಪು ಗೇರಿನಲ್ಲೇ ಒದ್ದಾಡುತ್ತೆ.

ಪೆಟ್ರೋಲ್ ವಿಷಯ. ಕೊಲೊರಾಡೊದಲ್ಲಿ ರೆಗ್ಯುಲರ್ ಅಂದರೆ 85 ಆಕ್ಟೇನ್. ಟ್ರೇಲರ್ ಕಟ್ಟೋ ದಿನ ಅದು ಬೇಡವೇ ಬೇಡ, ಕಡಿಮೆ ಅಂದರೂ 87. ಬೇಸಿಗೆಯಲ್ಲಿ 91 ಹಾಕಿ, ಗಾಡಿಯ ಕಂಪ್ಯೂಟರ್ ಓದೋ ಓಬಿಡಿ ಮೀಟರ್‌ನಲ್ಲಿ ನಾಕ್ ರಿಟಾರ್ಡ್ (ಎಂಜಿನ್ ಬಡಿತ ತಪ್ಪಿಸೋಕೆ ಕಿಡಿಯನ್ನು ತಡಮಾಡೋದು) ನೋಡುತ್ತಾ ಓಡಿಸಿದೆ. ಉದ್ದ ಏರಿನಲ್ಲಿ 87ರಲ್ಲಿ ಎರಡು ಮೂರು ಡಿಗ್ರಿ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, 91ರಲ್ಲಿ ಹೆಚ್ಚುಕಡಿಮೆ ಸೊನ್ನೆ. ಕಾಲಿಗೆ ಗೊತ್ತಾಗೋ ವ್ಯತ್ಯಾಸ ಸ್ವಲ್ಪವೇ. ಗುಡ್ಡಕ್ಕೆ ಹೋಗೋ ದಿನ 91, ಊರೊಳಗೆ 87. ಮುನ್ನೂರು ಡಾಲರಿನ ಕೋಲ್ಡ್ ಏರ್ ಇಂಟೇಕ್ ಸದ್ದು ಕೊಟ್ಟಿತು, ಎಳೆತ ಕೊಡಲಿಲ್ಲ. ಕ್ಯಾಬ್ ಮೇಲೆ ಗಾಳಿ ತಡೆಯೋ ರೆಕ್ಕೆ ಹಾಕಿ ನೋಡಿದೆ. ನಮ್ಮ ಟ್ರೇಲರ್ ಎದುರು ಗೋಡೆಯಷ್ಟು ಚಪ್ಪಟೆ, ಮೈಲೇಜ್ ಅಲ್ಲಾಡಲಿಲ್ಲ. ಅದೇ ಗಂಟೆಗೆ 68 ಮೈಲಿಯಲ್ಲಿ ಹೋಗ್ತಿದ್ದದ್ದನ್ನು 62ಕ್ಕೆ ಇಳಿಸಿದರೆ ಗ್ಯಾಲನ್‌ಗೆ ಒಂದು ಮೈಲಿ ಬಿಟ್ಟಿ ಸಿಗುತ್ತೆ.

ಡೀಸೆಲ್ ಪಕ್ಷದವರಿಗೆ ದುಡ್ಡಿನ ಲೆಕ್ಕ. ವರ್ಷಕ್ಕೆ ಹನ್ನೆರಡು ಸಾವಿರ ಮೈಲಿ, ಅರ್ಧ ಟ್ರೇಲರ್ ಜೊತೆ, ಅರ್ಧ ಖಾಲಿ. ನನ್ನದು ಗ್ಯಾಲನ್‌ಗೆ ಎಳೆಯುವಾಗ ಎಂಟೂವರೆ ಮೈಲಿ, ಖಾಲಿ ಹದಿನಾಲ್ಕರ ಆಸುಪಾಸು (3.55 ಇದ್ದಾಗ ಖಾಲಿ ಅರ್ಧ ಮೈಲಿ ಜಾಸ್ತಿ). ಡೀಸೆಲ್ಲಿಗೆ ಹನ್ನೆರಡು, ಹದಿನೆಂಟು ಅಂತ ಧಾರಾಳವಾಗಿಯೇ ಹಿಡಿಯಿರಿ. ಪೆಟ್ರೋಲ್ ಗ್ಯಾಲನ್‌ಗೆ 3.20, ಡೀಸೆಲ್ 3.80 ಅಂದರೆ ನನಗೆ 3600 ಡಾಲರ್, ಅವರಿಗೆ ಸುಮಾರು 3150. ಆ ನಾನೂರೈವತ್ತನ್ನು ಡಿಇಎಫ್ಫು (ಹೊಗೆ ಶುದ್ಧ ಮಾಡೋಕೆ ಹಾಕೋ ದ್ರವ), ಎರಡು ಫ್ಯುಯೆಲ್ ಫಿಲ್ಟರ್, ಹದಿಮೂರು ಕ್ವಾರ್ಟ್ ಆಯಿಲ್ ನುಂಗುತ್ತೆ. ಹೊಸ ಟ್ರಕ್‌ನಲ್ಲಿ ಡೀಸೆಲ್ಲಿಗೆ ಮೇಲೆ ಕೊಡೋ ಹತ್ತು ಸಾವಿರ ಡಾಲರ್ ಬೇರೆ. ಆ ಎಂಜಿನ್ನಿನ ತೂಕಕ್ಕೆ ಪೇಲೋಡ್ (ಟ್ರಕ್ ಹೊರಬಹುದಾದ ಭಾರ) ಕಡಿಮೆಯಾಗೋದೂ ಬೇರೆ. ಹತ್ತು ಹದಿನೈದು ಮೈಲಿ ಓಡಿಸಿ ನಿಲ್ಲಿಸೋ ಕೆಲಸಕ್ಕೆ ಉದ್ದ ಓಟವಿಲ್ಲದೆ ಮಸಿ ಕಟ್ಟೋ ಡಿಪಿಎಫ್ (ಡೀಸೆಲ್ ಹೊಗೆಯ ಫಿಲ್ಟರ್) ಕಟ್ಟಿಕೊಳ್ಳೋದು ಅದರ ಜೊತೆಗೆ. ಹದಿನಾಲ್ಕು ಸಾವಿರದ ಮೇಲಿನ ಟ್ರೇಲರ್ ಇಟ್ಟುಕೊಂಡು ವಾರಕ್ಕೆರಡು ಸಲ ಗುಡ್ಡ ದಾಟೋರು ಡೀಸೆಲ್ಲೇ ತಗೊಳ್ಳಲಿ, ಅಲ್ಲಿ ನನ್ನ ವಾದ ಇಲ್ಲ.

ಇಳಿಜಾರಿನಲ್ಲಿ ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್ನಿಂದಲೇ ವೇಗ ತಗ್ಗಿಸೋದು) ನಮಗಿಲ್ಲ, ಇದೊಂದು ನಿಜವಾದ ಕೊರತೆ. ಹತ್ತಿದ ಗೇರಿನಲ್ಲೇ ಇಳಿ ಅಂತ ಶಿರಾಡಿ ಘಾಟಿನ ಲಾರಿಯವರು ಹೇಳೋದು ಇಲ್ಲೂ ಸರಿ. ಟೋ-ಹಾಲ್ (ಭಾರ ಎಳೆಯುವಾಗಿನ ಡಬ್ಬದ ಮೋಡ್) ಹಾಕಿ, ಸುರಂಗದಿಂದ ಹೊರಬರೋ ಮೊದಲೇ 45ಕ್ಕೆ ಇಳಿಸಿ, ಬ್ರೇಕ್ ಗಟ್ಟಿಯಾಗಿ ಒಮ್ಮೆ ಒತ್ತಿ ಬಿಟ್ಟರೆ ಡಬ್ಬ ತಾನೇ ಮೂರಕ್ಕೆ ಬೀಳುತ್ತೆ. 4300 ಆರ್‌ಪಿಎಂ ಅರಚಾಟಕ್ಕೆ ಹೆದರಿ ಕೈಯಾರೆ ಮೇಲಿನ ಗೇರ್ ಹಾಕಿದರೆ ಕೆಲಸ ಕೆಟ್ಟಿತು. ಸಿಲ್ವರ್‌ಥಾರ್ನ್‌ನಲ್ಲಿ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಟ್ರೇಲರಿನ ನಾಲ್ಕೂ ಬ್ರೇಕ್ ಡ್ರಮ್‌ಗಳ ಬಿಸಿ ಅಳೆಯಿರಿ. ಮೂರು ಬಿಸಿ, ಒಂದು ಮಾತ್ರ ತಣ್ಣಗೆ ಅಂದರೆ, ಆ ಚಕ್ರದ ಬ್ರೇಕ್ ಒತ್ತೋ ಮ್ಯಾಗ್ನೆಟ್‌ಗೆ ಕರೆಂಟ್ ಹೋಗ್ತಿದೆಯಾ ಅಂತ ಮೊದಲು ನೋಡಿ. ಒಂದೊಂದು ಮ್ಯಾಗ್ನೆಟ್ ಪೂರ್ತಿ ಬ್ರೇಕ್‌ನಲ್ಲಿ ಮೂರರಿಂದ ನಾಲ್ಕು ಆಂಪ್ಸ್ ಎಳೆಯಬೇಕು, ಕ್ಲ್ಯಾಂಪ್ ಮೀಟರ್ ಹಿಡಿದರೆ ಎರಡೇ ನಿಮಿಷದ ಕೆಲಸ. ಹೆಚ್ಚಿನ ಸಲ ಆಕ್ಸಲ್ ಕೊಳವೆಯೊಳಗೆ ಉಜ್ಜಿ ಉಜ್ಜಿ ತುಂಡಾದ ವೈರ್ ಸಿಗುತ್ತೆ. ಹೊಸ ವೈರನ್ನು ಕೊಳವೆಯ ಹೊರಗಡೆಯೇ ಕ್ಲಿಪ್ ಹಾಕಿ ಎಳೆಯಿರಿ.