ತಲೆ ತುರಿಕೆ: ಹೊಟ್ಟೋ, ಬೇರೇನೋ ನೋಡಿಕೊಳ್ಳಿ

ತಲೆ ತುರಿಸಿತು ಅಂತ ಸುಮ್ನೆ ಶಾಂಪೂ ಬದಲಿಸಬೇಡಿ. ಮೊದಲು ಉದುರುವ ಪುಡಿಯನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ.

ಪುಡಿ ಸಣ್ಣದಾಗಿ, ಬಿಳಿಯಾಗಿ, ಒಣಗಿದ್ದು, ಕೈಕಾಲಿನ ಚರ್ಮವೂ ಬಿರಿದಿದ್ದರೆ ಹೆಚ್ಚಾಗಿ ಅದು ಬರೀ ಒಣಚರ್ಮ. ತುಂಬಾ ಬಿಸಿನೀರಲ್ಲಿ ತಲೆ ತೊಳೆಯುವುದನ್ನು ನಿಲ್ಲಿಸಿ, ಸಾಕು.

ಪುಡಿ ದೊಡ್ಡದಾಗಿ, ಹಳದಿಯಾಗಿ, ಮುಟ್ಟಿದರೆ ಜಿಡ್ಡು ಜಿಡ್ಡಾಗಿದ್ದರೆ ಹೊಟ್ಟು. ಕೆಲವರಿಗೆ ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ, ಕಿವಿ ಹಿಂದೆಯೂ ಕಾಣುತ್ತದೆ. ಇದಕ್ಕೆ ದಯವಿಟ್ಟು ಎಣ್ಣೆ ಹಚ್ಚಬೇಡಿ. ಚರ್ಮದ ಮೇಲಿರುವ ಮಲಸೇಜಿಯಾ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ, ತುರಿಕೆ ಇನ್ನೂ ಜಾಸ್ತಿಯಾಗುತ್ತದೆ. ಶೇ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲ ಹಚ್ಚಿ. ನೊರೆ ಕೂದಲಿಗಲ್ಲ, ಬುಡಕ್ಕೆ ತಾಗಬೇಕು. 3ರಿಂದ 5 ನಿಮಿಷ ಬಿಟ್ಟು ತೊಳೆಯಿರಿ. ಹಚ್ಚಿದ ಕೂಡಲೇ ತೊಳೆದರೆ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ, ಅಲ್ವಾ?

ಬಿಳಿ ಚುಕ್ಕೆ ಎಳೆದರೂ ಕೂದಲಿನಿಂದ ಜಾರದಿದ್ದರೆ ಅದು ಹೇನಿನ ಸೀರು. ಡೈ ಹಚ್ಚಿದ ಮೇಲೆ ಉರಿ, ತುರಿಕೆ ಶುರುವಾದರೆ ಅಲರ್ಜಿ ಇರಬಹುದು, ಆ ಡೈ ಮತ್ತೆ ಮುಟ್ಟಬೇಡಿ. ದಪ್ಪ ಬೆಳ್ಳಿ ಬಣ್ಣದ ಪದರ ಹಣೆಯಂಚಿನವರೆಗೂ ಇಳಿದಿದ್ದರೆ ಸೋರಿಯಾಸಿಸ್ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಮಕ್ಕಳ ತಲೆಯಲ್ಲಿ ಒಂದೇ ಕಡೆ ಕೂದಲು ತುಂಡಾಗಿ ಬೋಳಾಗಿದ್ದರಂತೂ ಕಾಯಬೇಡಿ. ಅದು ಹುಳುಕಡ್ಡಿಯಾಗಿದ್ದರೆ ಬರೀ ಮುಲಾಮು ಸಾಲದು, ಡಾಕ್ಟರು ಕೊಡುವ ಮಾತ್ರೆಯೇ ಬೇಕು.