ಸೌರ ಪಾರ್ಕಿನ ರಿಲೇಯನ್ನು ರಿಯಲ್-ಟೈಮ್ ಸಿಮ್ಯುಲೇಟರಿನಲ್ಲಿ ಪರೀಕ್ಷಿಸುವ ಕ್ರಮ

ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ 2,050 ಮೆಗಾವಾಟ್ ಸೌರ ಪಾರ್ಕಿನಂಥ ಕಡೆ ಹೊಸ ರಿಲೇ (ಲೈನಿನಲ್ಲಿ ದೋಷ ಕಂಡಾಗ ಅದನ್ನು ಬೇರ್ಪಡಿಸಲು ಆಜ್ಞೆ ಕೊಡುವ ರಕ್ಷಣಾ ಸಾಧನ) ಅಳವಡಿಸಿ, ಅದರ ಕೆಲಸ ನೋಡುವುದಕ್ಕೆಂದು ನಿಜವಾದ ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಮಾಡಿಸಲು ಯಾರೂ ಒಪ್ಪುವುದಿಲ್ಲ. ಆ ಪರೀಕ್ಷೆ ನಡೆಯಬೇಕಾದ ಜಾಗ ರಿಯಲ್-ಟೈಮ್ ಸಿಮ್ಯುಲೇಟರ್, ಅಂದರೆ ವಿದ್ಯುತ್ ಜಾಲದ ವರ್ತನೆಯನ್ನು ನಿಜವಾದ ವೇಗದಲ್ಲೇ ಲೆಕ್ಕ ಹಾಕುವ ಕಂಪ್ಯೂಟರ್. ಸಾಮಾನ್ಯ ತಂತ್ರಾಂಶ ಒಂದು ಸೆಕೆಂಡಿನ ಘಟನೆಯನ್ನು ನಿಧಾನವಾಗಿ ಲೆಕ್ಕ ಹಾಕಿದರೂ ನಡೆದೀತು. ಇಲ್ಲಿ ಹೊರಗೆ ಜೋಡಿಸಿರುವ ರಿಲೇ ನಿಜವಾದದ್ದಾದ್ದರಿಂದ ಒಂದು ಸೆಕೆಂಡಿನ ಲೆಕ್ಕ ಒಂದೇ ಸೆಕೆಂಡಿನಲ್ಲಿ ಮುಗಿಯಲೇಬೇಕು.

ಮೊದಲು ಮಾದರಿಯ ಎಲ್ಲೆಯನ್ನು ಗುರುತಿಸಿಕೊಳ್ಳಿ. ಪಾರ್ಕಿನ ಇನ್ವರ್ಟರುಗಳನ್ನೆಲ್ಲ (ಸೌರ ಫಲಕಗಳ ಡಿಸಿ ವಿದ್ಯುತ್ತನ್ನು ಎಸಿಗೆ ಬದಲಿಸುವ ಸಾಧನಗಳು) ಬಿಡಿಬಿಡಿಯಾಗಿ ರೂಪಿಸುವ ಅಗತ್ಯವಿಲ್ಲ. ಅವುಗಳನ್ನು ಗುಂಪುಗೂಡಿಸಿ, ಅವುಗಳ ವಿದ್ಯುತ್ತನ್ನು ಒಟ್ಟುಗೂಡಿಸುವ 220 ಕೆವಿ ಪೂಲಿಂಗ್ ಸ್ಟೇಷನ್ನಿನಿಂದ 400 ಕೆವಿ ಕೇಂದ್ರದವರೆಗಿನ ಭಾಗವನ್ನು ಮಾತ್ರ ವಿವರವಾಗಿ ರಚಿಸಿದರೆ ಸಾಕು. ಲೆಕ್ಕದ ಹೆಜ್ಜೆ (ಒಂದು ಲೆಕ್ಕದಿಂದ ಮುಂದಿನದಕ್ಕಿರುವ ಅವಧಿ) 50 ಮೈಕ್ರೋಸೆಕೆಂಡ್ ಇದ್ದರೆ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಆವರ್ತಕ್ಕೆ 400 ಬಿಂದುಗಳು ಸಿಗುತ್ತವೆ. ಲೈನುಗಳಿಗೆ ಇದು ಸಾಕಾಗುತ್ತದೆ, ಆದರೆ ಇನ್ವರ್ಟರಿನೊಳಗಿನ ಸ್ವಿಚಿಂಗ್ ಬೇಕೆಂದರೆ ಒಂದೆರಡು ಮೈಕ್ರೋಸೆಕೆಂಡಿಗೆ ಇಳಿಯಬೇಕಾಗುತ್ತದೆ. ನಿಗದಿತ ಹೆಜ್ಜೆಯೊಳಗೆ ಲೆಕ್ಕ ಮುಗಿಯದೆ ಉಳಿದ ಪ್ರಸಂಗ ಒಂದಾದರೂ ದಾಖಲಾಗಿದ್ದರೆ ಆ ಫಲಿತಾಂಶವನ್ನು ನಂಬಬೇಡಿ.

ಸಿಮ್ಯುಲೇಟರಿನ ಸಣ್ಣ ವೋಲ್ಟೇಜನ್ನು ಆಂಪ್ಲಿಫೈಯರಿನ ಮೂಲಕ ರಿಲೇಗೆ ಬೇಕಾದ ಮಟ್ಟಕ್ಕೆ ಏರಿಸಿ ಕೊಡಿ. ರಿಲೇಯ ಟ್ರಿಪ್ ಸಂಪರ್ಕವನ್ನು (ಲೈನ್ ಕಡಿಯುವ ಆಜ್ಞೆ ಹೊರಬರುವ ಜಾಗ) ಮರಳಿ ಸಿಮ್ಯುಲೇಟರಿಗೆ ಜೋಡಿಸಿ, ಮಾದರಿಯೊಳಗಿನ ಬ್ರೇಕರ್, ಅಂದರೆ ಲೈನನ್ನು ಕಡಿಯುವ ಸ್ವಿಚ್, ಅದರಿಂದಲೇ ತೆರೆಯುವಂತೆ ಮಾಡಿ. ಸಿಟಿಯ (ಲೈನಿನ ಕರೆಂಟನ್ನು ರಿಲೇ ಅಳೆಯುವಷ್ಟಕ್ಕೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತ ಮತ್ತು ಧ್ರುವೀಯತೆಯನ್ನು ಫಾಲ್ಟ್ (ಶಾರ್ಟ್ ಸರ್ಕ್ಯೂಟಿನಂಥ ದೋಷ) ಕೊಡುವ ಮೊದಲೇ, ಸಾಮಾನ್ಯ ಲೋಡಿನಲ್ಲಿ ಪರಿಶೀಲಿಸಿಕೊಳ್ಳಿ.

ಹೆಚ್ಚಿನ ಸಮಯವನ್ನು ಮೀಸಲಿಡಬೇಕಾದದ್ದು ಫಾಲ್ಟ್ ಪರೀಕ್ಷೆಗೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದು ತಿರುಗುವ ಜನರೇಟರುಗಳು. ಅಂಥ ಯಂತ್ರಗಳು ಫಾಲ್ಟ್ ಆದಾಗ ಸಾಮಾನ್ಯಕ್ಕಿಂತ ಹಲವು ಪಟ್ಟು ಕರೆಂಟನ್ನು ನೂಕುತ್ತವೆ ಎಂಬ ನಂಬಿಕೆಯ ಮೇಲೆಯೇ ರಕ್ಷಣಾ ವ್ಯವಸ್ಥೆ ಬೆಳೆದಿದೆ. ಇನ್ವರ್ಟರ್ ಹಾಗಲ್ಲ; ತನ್ನ ಸಾಮರ್ಥ್ಯಕ್ಕಿಂತ ಸ್ವಲ್ಪವೇ ಹೆಚ್ಚು ಕರೆಂಟ್ ಕೊಟ್ಟು ನಿಯಂತ್ರಕದ ಮಾತಿನಂತೆ ನಡೆಯುವುದರಿಂದ ಫಾಲ್ಟ್ ಎಷ್ಟು ದೂರದಲ್ಲಿದೆ ಎಂದು ವೋಲ್ಟೇಜ್ ಮತ್ತು ಕರೆಂಟಿನಿಂದ ಅಂದಾಜಿಸುವ ಡಿಸ್ಟೆನ್ಸ್ ರಿಲೇ ದೂರವನ್ನೂ ದಿಕ್ಕನ್ನೂ ತಪ್ಪಾಗಿ ಅಳೆಯಬಹುದು. ಆದ್ದರಿಂದ ಲೈನಿನ ಬೇರೆ ಬೇರೆ ದೂರಗಳಲ್ಲಿ, ಒಂದು ಫೇಸಿನ ಮತ್ತು ಮೂರು ಫೇಸಿನ ಫಾಲ್ಟುಗಳನ್ನು, ಮಧ್ಯಾಹ್ನದ ಪೂರ್ಣ ಉತ್ಪಾದನೆಯಲ್ಲೂ ಸಂಜೆಯ ಅಲ್ಪ ಉತ್ಪಾದನೆಯಲ್ಲೂ ಕೊಟ್ಟು ನೋಡಿ. ಬಳಿಕ ಒಂದು 400 ಕೆವಿ ಲೈನನ್ನು ಕಳಚಿ, ಜಾಲವನ್ನು ದುರ್ಬಲಗೊಳಿಸಿ, ಅದೇ ಸರಣಿಯನ್ನು ಮತ್ತೆ ನಡೆಸಿ. ದೋಷಗಳು ಹೊರಬೀಳುವುದು ಹೆಚ್ಚಾಗಿ ಈ ಎರಡನೆಯ ಸುತ್ತಿನಲ್ಲೇ ಎನ್ನುವುದರಿಂದ ಸಮಯವಿಲ್ಲವೆಂದು ಇದನ್ನು ಕೈಬಿಡುವುದು ಸಲ್ಲದು.

ಇನ್ವರ್ಟರಿನ ನಿಯಂತ್ರಕವನ್ನೂ ಇದೇ ರೀತಿ ಜೋಡಿಸಬಹುದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ ಜೋಡಣಾ ಬಿಂದುವಿನ ವೋಲ್ಟೇಜ್ ಶೇ. 15ಕ್ಕೆ ಕುಸಿದರೂ 300 ಮಿಲಿಸೆಕೆಂಡುಗಳವರೆಗೆ ಘಟಕ ಜಾಲವನ್ನು ಬಿಡಬಾರದು. ಆ ಕುಸಿತವನ್ನು ಕೃತಕವಾಗಿ ಉಂಟುಮಾಡಿ ಅಲೆಗಳನ್ನು ದಾಖಲಿಸಿ. ಪ್ರತಿ ದಾಖಲೆಯೊಂದಿಗೆ ಫರ್ಮ್‌ವೇರ್ ಆವೃತ್ತಿಯನ್ನೂ ಸೆಟ್ಟಿಂಗುಗಳನ್ನೂ ಬರೆದಿಡಿ. ತಯಾರಕರು ಆವೃತ್ತಿ ಬದಲಿಸಿದರೆ ಇಡೀ ಸರಣಿಯನ್ನು ಹೊಸದಾಗಿ ನಡೆಸಬೇಕಾಗುತ್ತದೆ.